ಕೋಡಿಯ ನೀರು, ಗೋಲ್ಡನ್ ಊರಿನ ದೋಣಿಗಳು

ಪ್ರತಿ ವರ್ಷ ಯುಗಾದಿ ಕಳೆದು ಒಂದೆರಡು ವಾರಗಳಲ್ಲಿ ಅಕ್ಕನ ಮಗಳು ಡೆನ್ವರ್‌ನಿಂದ ನನ್ನ ಫೋನಿಗೆ ಒಂದು ನಕ್ಷೆಯನ್ನು ಕಳುಹಿಸುತ್ತಾಳೆ. ಅಕ್ಟೋಬರಿನಲ್ಲಿ ಸೊನ್ನೆಯಿಂದ ಹೊರಟ ಗೆರೆಯೊಂದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಏಪ್ರಿಲ್‌ನಲ್ಲಿ ತುದಿ ಮುಟ್ಟಿ, ಜೂನ್ ಮುಗಿಯುವಷ್ಟರಲ್ಲಿ ಕಡಿದಾಗಿ ಕೆಳಕ್ಕಿಳಿದುಬಿಡುತ್ತದೆ. ಕೊಲೊರಾಡೊ ರಾಜ್ಯದ ಬೆಟ್ಟಗಳ ಮೇಲೆ ಕೂತಿರುವ ಹಿಮವೆಲ್ಲ ಕರಗಿದರೆ ಎಷ್ಟು ಅಂಗುಲ ನೀರಾಗುತ್ತದೆ ಎಂಬುದರ ಲೆಕ್ಕ ಅದು. ಮೊದಲ ಸಲ ಕಳುಹಿಸಿದಾಗ ಅದರ ಕೆಳಗೆ "ಮಾವ, ಇದು ನಮ್ಮ ಕೆರೆ" ಎಂದು ಬರೆದಿದ್ದಳು. ಕೋಲಾರದ ಹುಡುಗಿಯಲ್ಲದೆ ಬೇರೆ ಯಾರೂ ಹಾಗೆ ಬರೆಯಲಾರರು ಎಂದುಕೊಂಡು ನಕ್ಕಿದ್ದೆ. ಆಮೇಲೆ ಯೋಚಿಸಿದಾಗ ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇ ಇಲ್ಲ ಅನ್ನಿಸಿತು.

ನಮ್ಮಲ್ಲಿ ಮಳೆ ಬಿದ್ದ ಗಳಿಗೆಯಿಂದಲೇ ನೀರು ಇಳಿಜಾರು ಹುಡುಕಿಕೊಂಡು ಓಡತೊಡಗುತ್ತದೆ. ಅದನ್ನು ನಿಲ್ಲಿಸಬೇಕಾದರೆ ಏರಿ ಕಟ್ಟಬೇಕು. ಅಲ್ಲಿ ಚಳಿಗಾಲದುದ್ದಕ್ಕೂ ಬಿದ್ದ ಹಿಮ ಬಿದ್ದಲ್ಲಿಯೇ ಕೂತಿದ್ದು, ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಬಯಲಿನ ಹೊಲಗಳಿಗೆ ನೀರು ಬೇಕಾದ ಹೊತ್ತಿಗೆ ಕರಗಿ ಹೊಳೆಗಳಿಗೆ ಇಳಿಯುತ್ತದೆ. ಏರಿ ಇಲ್ಲದ ಕೆರೆ ಅದು. ತೂಬು ಎತ್ತುವುದು ಬಿಸಿಲಿನ ಕೆಲಸ. ಆದ್ದರಿಂದಲೇ ಆ ಕೆರೆಯಲ್ಲಿ ನೀರೆಷ್ಟಿದೆ ಎಂದು ಮೊದಲೇ ತಿಳಿದುಕೊಳ್ಳುವ ವಿದ್ಯೆಯನ್ನು ಅಲ್ಲಿನವರು ನೂರು ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಅದನ್ನು ಆರಂಭಿಸಿದವರಲ್ಲಿ ಮೊದಲಿಗರು ಎಂಜಿನಿಯರ್ ಅಲ್ಲ, ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಪಾಠ ಹೇಳುತ್ತಿದ್ದ ಜೇಮ್ಸ್ ಚರ್ಚ್ ಎಂಬ ಮೇಷ್ಟ್ರು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅವರು ಮೌಂಟ್ ರೋಸ್ ಬೆಟ್ಟವನ್ನೇರಿ, ಟೊಳ್ಳು ಕೊಳವೆಯನ್ನು ಹಿಮದೊಳಗೆ ಇಳಿಸಿ, ಒಳಗೆ ಸಿಕ್ಕ ಹಿಮವನ್ನು ಕೊಳವೆಯ ಸಮೇತ ತೂಗಿ, ಬೇಸಿಗೆಯಲ್ಲಿ ತಾಹೋ ಸರೋವರದ ಮಟ್ಟ ಎಷ್ಟು ಏರುತ್ತದೆಂದು ಮುಂಚಿತವಾಗಿ ಹೇಳತೊಡಗಿದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ಸಂಗತಿ ಸ್ವಲ್ಪ ಹೆಚ್ಚಾಗಿಯೇ ಹಿತವೆನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ.

1935ರಲ್ಲಿ ಹಿಮ ಅಳೆಯುವ ಕೆಲಸವನ್ನು ಅಮೆರಿಕದ ಕೇಂದ್ರ ಸರ್ಕಾರವೇ ಕೈಗೆತ್ತಿಕೊಂಡಿತು. ಈಗ ಪಶ್ಚಿಮದ ರಾಜ್ಯಗಳ ಬೆಟ್ಟಗಳಲ್ಲಿ ಸ್ನೋಟೆಲ್ ಎಂಬ ಹೆಸರಿನ ಎಂಟುನೂರಕ್ಕೂ ಹೆಚ್ಚು ತಾಣಗಳಿವೆ. ಪ್ರತಿಯೊಂದರಲ್ಲೂ ಹೆಪ್ಪುಗಟ್ಟದ ದ್ರವ ತುಂಬಿದ ದೊಡ್ಡ ದಿಂಬೊಂದನ್ನು ನೆಲದ ಮೇಲೆ ಹಾಸಿರುತ್ತಾರೆ. ಮೇಲೆ ಹಿಮ ಬಿದ್ದಂತೆಲ್ಲ ದಿಂಬಿನೊಳಗಿನ ಒತ್ತಡ ಹೆಚ್ಚುತ್ತದೆ, ಆ ಒತ್ತಡವೇ ತೂಕ, ತೂಕವೇ ನೀರು. ಹಿಮದ ಎತ್ತರವನ್ನು ನಂಬಿ ಕೂರುವಂತಿಲ್ಲ, ಏಕೆಂದರೆ ಹೊಸದಾಗಿ ಬಿದ್ದ ಹತ್ತು ಅಂಗುಲ ಹಿಮ ಕರಗಿದರೆ ಸುಮಾರು ಒಂದೇ ಅಂಗುಲ ನೀರು ಸಿಕ್ಕೀತು. ವಸಂತದ ಹೊತ್ತಿಗೆ ಅಮರಿಕೊಂಡ ಹಿಮದಲ್ಲಿ ಅದರ ಮೂರು ನಾಲ್ಕು ಪಟ್ಟು ಇರುತ್ತದೆ. ಈ ತಾಣಗಳು ಮೊದಮೊದಲು ತಮ್ಮ ಅಂಕಿಗಳನ್ನು ಕಳುಹಿಸುತ್ತಿದ್ದ ಬಗೆಯಂತೂ ಪುರಾಣದಂತಿದೆ: ಆಕಾಶದಲ್ಲಿ ಉರಿದುಹೋಗುವ ಸಣ್ಣ ಸಣ್ಣ ಉಲ್ಕೆಗಳು ಬಿಟ್ಟುಹೋದ ಜಾಡಿಗೆ ರೇಡಿಯೋ ಅಲೆಯನ್ನು ತಾಗಿಸಿ, ಅದು ಪುಟಿದು ಬೆಟ್ಟದಾಚೆಯ ಕೇಂದ್ರಕ್ಕೆ ಬೀಳುವಂತೆ ಮಾಡುತ್ತಿದ್ದರು.

ನಾನು ಅಲ್ಲಿಗೆ ಹೋಗಿದ್ದು 2019ರ ಬೇಸಿಗೆಯಲ್ಲಿ. ಆ ವರ್ಷ ಹಿಮ ಚೆನ್ನಾಗಿ ಬಿದ್ದಿತ್ತು. ಡೆನ್ವರ್‌ನಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಗೋಲ್ಡನ್ ಎಂಬ ಊರಿನ ನಡುವೆ ಕ್ಲಿಯರ್ ಕ್ರೀಕ್ ಎಂಬ ತೊರೆ ಹರಿಯುತ್ತದೆ. ದಡದಲ್ಲಿ ನಿಂತರೆ ಮಾತು ಕೇಳಿಸದಷ್ಟು ಸದ್ದು, ಬೆರಳಿಟ್ಟರೆ ಕೊರೆಯುವ ತಣ್ಣಗಿನ ನೀರು. ಅದರಲ್ಲಿ ತಲೆಗೆ ಹೆಲ್ಮೆಟ್ ಕಟ್ಟಿಕೊಂಡ ಹುಡುಗ ಹುಡುಗಿಯರು ಒಬ್ಬೊಬ್ಬರೇ ಕೂರುವ ಕಯಾಕ್ ದೋಣಿಗಳಲ್ಲಿ ಬಂಡೆಯ ಹಿಂದಿನ ಸುಳಿಗೆ ನುಗ್ಗುವುದು, ಮಗುಚಿಕೊಳ್ಳುವುದು, ನೀರೊಳಗಿಂದಲೇ ಮತ್ತೆ ನೇರವಾಗುವುದು ನಡೆದಿತ್ತು. ನಾನು ಬೆಂಚಿನ ಮೇಲೆ ಕೂತು ಸುಮಾರು ಒಂದು ಗಂಟೆ ನೋಡಿದೆ. ಅಷ್ಟು ಹೊತ್ತಿನಲ್ಲಿ ಆ ನೀರನ್ನು ಯಾರೂ ಎಲ್ಲಿಗೂ ತೆಗೆದುಕೊಂಡು ಹೋಗಲಿಲ್ಲ. ಪಂಪು ಇಲ್ಲ, ಕಾಲುವೆ ಇಲ್ಲ. ಆದರೂ ಆ ಹರಿವಿಗೆ ಹಕ್ಕುಪತ್ರವಿದೆ, ಅದನ್ನು ನೀರಿನ ನ್ಯಾಯಾಲಯ ಕೊಟ್ಟಿದೆ ಎಂದು ಅಕ್ಕನ ಮಗಳ ಗಂಡ ಹೇಳಿದಾಗ ನಾನು ನಂಬಲಿಲ್ಲ. ನೀರಿಗೆಂದೇ ನ್ಯಾಯಾಲಯವಿರುವುದು ಆಗ ನನಗೆ ಗೊತ್ತಿರಲಿಲ್ಲ. 1969ರ ಕಾಯ್ದೆಯ ಪ್ರಕಾರ ಆ ರಾಜ್ಯವನ್ನು ನದಿ ಕಣಿವೆಗಳ ಲೆಕ್ಕದಲ್ಲಿ ಏಳು ವಿಭಾಗಗಳಾಗಿ ಮಾಡಿ, ಒಂದೊಂದಕ್ಕೂ ಒಬ್ಬ ನೀರಿನ ನ್ಯಾಯಾಧೀಶರನ್ನು ನೇಮಿಸಿದ್ದಾರೆ.

ಅಲ್ಲಿನ ನೀರಿನ ಕಾನೂನಿನ ತಿರುಳನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಮೊದಲು ಬಳಸಿದವನಿಗೆ ಮೊದಲ ಹಕ್ಕು. ಹೊಲ ನದಿಯ ದಡದಲ್ಲಿದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. 1879ರ ಬರಗಾಲದಲ್ಲಿ ಸೇಂಟ್ ವ್ರೇನ್ ತೊರೆಯ ದಡದ ರೈತರು, ತಮ್ಮ ತೊರೆಯ ನೀರನ್ನು ಪಕ್ಕದ ಕಣಿವೆಗೆ ತಿರುಗಿಸಿದ್ದ ಲೆಫ್ಟ್ ಹ್ಯಾಂಡ್ ಎಂಬ ಕಾಲುವೆ ಕಂಪನಿಯ ಕಟ್ಟೆಯನ್ನು ಕಿತ್ತುಹಾಕಿದರು. ಇಂಥ ಜಗಳ ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾದದ್ದೇನೂ ಅಲ್ಲ. 1882ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕಟ್ಟೆ ಕಟ್ಟಿದವರ ಪರವಾಗಿ ತೀರ್ಪು ಕೊಟ್ಟಿತು, ಏಕೆಂದರೆ ಅವರು ಮೊದಲು ಬಂದವರಾಗಿದ್ದರು. ಇಂದಿಗೂ ಬರದ ವರ್ಷದಲ್ಲಿ ಹಳೆಯ ಹಕ್ಕಿನವನು ತನ್ನ ಪಾಲು ಬರಲಿಲ್ಲವೆಂದು ಕರೆ ಕೊಟ್ಟರೆ, ರಾಜ್ಯದ ವಾಟರ್ ಕಮಿಷನರ್ ಜೀಪಿನಲ್ಲಿ ಹೋಗಿ ಮೇಲಿನ ಹೊಸ ಹಕ್ಕಿನವರ ತೂಬುಗಳನ್ನು ಒಂದೊಂದಾಗಿ ಮುಚ್ಚಿಸುತ್ತಾನೆ. ಹುದ್ದೆಯ ಹೆಸರು ದೊಡ್ಡದಿದ್ದರೂ ಕೆಲಸ ನಮ್ಮ ನೀರಗಂಟಿಯದೇ.

ಈ ಕಾನೂನಿನಲ್ಲಿ ದೋಣಿಯಾಟಕ್ಕೆ ಜಾಗ ಸಿಕ್ಕಿದ ಕಥೆ ಸ್ವಲ್ಪ ವಿಚಿತ್ರವಾಗಿದೆ. ಹಕ್ಕು ಬೇಕೆಂದರೆ ನೀರನ್ನು ಹೊಳೆಯಿಂದ ತಿರುಗಿಸಿ ಬಳಸಬೇಕು ಎಂಬುದು ಹಳೆಯ ನಿಯಮ. ಹೊಳೆಯಲ್ಲೇ ಹರಿಯುವ ನೀರು ಯಾರ ಬಳಕೆಯೂ ಅಲ್ಲ. 1973ರಲ್ಲಿ ಮೀನು ಮೊದಲಾದ ಜೀವಿಗಳ ಸಲುವಾಗಿ ಹೊಳೆಯಲ್ಲಿ ಕನಿಷ್ಠ ಹರಿವನ್ನು ಉಳಿಸಿಕೊಳ್ಳುವ ಹಕ್ಕನ್ನು ಶಾಸನ ಮಾಡಿ, ರಾಜ್ಯದ ಜಲ ಸಂರಕ್ಷಣಾ ಮಂಡಳಿಯೊಂದಕ್ಕೆ ಮಾತ್ರ ಕೊಟ್ಟರು. ಬಳಿಕ ಫೋರ್ಟ್ ಕಾಲಿನ್ಸ್ ನಗರದ ಮೊಕದ್ದಮೆಯಲ್ಲಿ, 1992ರಲ್ಲಿ, ಹೊಳೆಯೊಳಗೇ ಕಟ್ಟಿದ ರಚನೆಯಿಂದ ಹರಿವನ್ನು ನಿಯಂತ್ರಿಸಿದರೆ ಅದೂ ನೀರು ತಿರುಗಿಸಿದಂತೆಯೇ ಎಂದು ಸುಪ್ರೀಂ ಕೋರ್ಟು ಹೇಳಿತು. ಗೋಲ್ಡನ್ ಊರಿನವರು ಇದನ್ನೇ ಹಿಡಿದುಕೊಂಡರು. ನಾನು ಬೆಂಚಿನಿಂದ ನೋಡಿದ ಬಂಡೆಗಳು ತಾವಾಗಿ ಬಂದು ಬಿದ್ದವಲ್ಲ. ಅಲೆ ಏಳಿಸುವುದಕ್ಕಾಗಿ ಲೆಕ್ಕ ಹಾಕಿ ಇಟ್ಟವು, ಜೊತೆಗೆ ಕಾನೂನಿನ ಕಣ್ಣಿಗೆ ಕಾಣುವುದಕ್ಕಾಗಿಯೂ ಇಟ್ಟವು. ಅವರಿಗೆ ಗರಿಷ್ಠ 1000 ಕ್ಯೂಸೆಕ್ ಹರಿವಿನ ಹಕ್ಕು ಸಿಕ್ಕಾಗ, ಒಂದು ಸಣ್ಣ ಊರಿನ ಆಟಕ್ಕೆ ಇಷ್ಟು ನೀರೇ ಎಂದು ರಾಜ್ಯವೇ ಮೇಲ್ಮನವಿ ಹೋಯಿತು. 2003ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಸಮನಾಗಿ ಎರಡು ಪಾಲಾದ್ದರಿಂದ ಕೆಳಗಿನ ತೀರ್ಪೇ ನಿಂತಿತು. ಅಷ್ಟರಲ್ಲಿ 2001ರ ಕಾಯ್ದೆ ಈ ಹಕ್ಕಿಗೆ ಹೆಸರು ಕೊಟ್ಟು, ನಗರಸಭೆಗಳಂಥ ಸ್ಥಳೀಯ ಸಂಸ್ಥೆಗಳು ಮಾತ್ರ ಅದನ್ನು ಕೇಳಬಹುದು, ಆಟಕ್ಕೆ ಬೇಕಾದಷ್ಟನ್ನು ಮಾತ್ರ ಕೇಳಬಹುದು ಎಂದು ಕಟ್ಟು ಹಾಕಿತ್ತು. 2006ರಲ್ಲಿ ಆ ಕಟ್ಟನ್ನು ಇನ್ನಷ್ಟು ಬಿಗಿ ಮಾಡಿದರು.

ಮೇಲಿನಿಂದ ನೋಡಿದರೆ ಇದು ಉಳ್ಳವರ ಚಾಳಿಯಂತೆ ಕಾಣುತ್ತದೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾದ ಜಿಲ್ಲೆಯವನಾದ ನನಗೂ ಮೊದಲು ಹಾಗೆಯೇ ಕಂಡಿತ್ತು. ಆದರೆ ಗಮನಿಸಬೇಕಾದದ್ದು ಎರಡಿವೆ. ಈ ಹಕ್ಕಿನಿಂದ ಒಂದು ಹನಿಯೂ ಖರ್ಚಾಗುವುದಿಲ್ಲ. ದೋಣಿಗಳ ಕೆಳಗೆ ಹರಿದ ನೀರು ಮುಂದಿನ ಊರಿನ ಕಾಲುವೆಗೆ ಹಾಗೆಯೇ ಸಿಗುತ್ತದೆ. ಅಲ್ಲದೆ, ಹಕ್ಕಿನ ತಾರೀಖು ಹೊಸದಾದ್ದರಿಂದ ಹತ್ತೊಂಬತ್ತನೆಯ ಶತಮಾನದ ಹಳೆಯ ಕಾಲುವೆಗಳನ್ನು ಅದು ಮುಟ್ಟಲಾರದು. ಅದು ತಡೆಯುವುದು ಇನ್ನು ಮುಂದೆ ಮೇಲ್ಭಾಗದಲ್ಲಿ ಬರಬಹುದಾದ ಹೊಸ ಅಣೆಕಟ್ಟನ್ನು, ಹೊಸ ಕೊಳವೆಯನ್ನು. ಅಂದರೆ ಮೇಲಿನವರು ಇನ್ನು ಮುಂದೆ ಏನು ಮಾಡಬಾರದು ಎಂದು ಕೆಳಗಿನ ಊರು ಇಂದೇ ಬರೆಸಿಟ್ಟುಕೊಂಡಿರುವ ಪತ್ರ ಅದು. ಹೀಗೆ ಅರ್ಥವಾದ ಮೇಲೆ ನನಗೆ ದೋಣಿಗಳು ಮರೆತುಹೋಗಿ ನಮ್ಮ ಕೋಡಿ ನೆನಪಾಯಿತು.

ಅದಕ್ಕೂ ಮುನ್ನ ಡ್ರಮ್ಮಿನ ವಿಷಯ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ ಜೋರು ಮಳೆ ಬಂದಾಗ, ಮಾಡಿನ ನೀರು ಸುರಿಯುವ ಕೊಳವೆಯ ಕೆಳಗೆ ಅವರ ಮನೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಸಾಲಾಗಿ ಇಡಲು ಹೋದೆ. ಅದು ನಮ್ಮ ಕೈಗೆ ಅಂಟಿದ ಅಭ್ಯಾಸ. ಅಕ್ಕನ ಮಗಳು ಓಡಿ ಬಂದು, "ಮಾವ, ಇಲ್ಲಿ ಎರಡೇ ಡ್ರಮ್ಮು ಇಡಬೇಕು" ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ತಮಾಷೆಯಲ್ಲ. ಮಾಡಿನ ಮೇಲೆ ಬಿದ್ದ ಮಳೆಯೂ ಹೊಳೆಗೆ ಸೇರಬೇಕಾದದ್ದು, ಅದು ಕೆಳಗಿನ ಯಾರೋ ಹಳೆಯ ಹಕ್ಕುದಾರನ ನೀರು ಎಂಬ ಕಾರಣದಿಂದ 2016ರವರೆಗೆ ಸಾಮಾನ್ಯ ಮನೆಗಳಲ್ಲಿ ಅದನ್ನು ಹಿಡಿದಿಡುವಂತೆಯೇ ಇರಲಿಲ್ಲ. ಆ ವರ್ಷದ ಕಾಯ್ದೆ ಎರಡು ಡ್ರಮ್ಮುಗಳಿಗೆ, ಒಟ್ಟು 110 ಗ್ಯಾಲನ್‌ಗೆ, ಅಂದರೆ ಸುಮಾರು 416 ಲೀಟರಿಗೆ ಅನುಮತಿ ಕೊಟ್ಟಿತು. ಮಳೆ ನೀರು ಹಿಡಿಯದಿದ್ದರೆ ದಂಡ ಹಾಕುವ ಬೆಂಗಳೂರಿನ ಮಗ್ಗುಲಲ್ಲಿ ಬದುಕಿದವನಿಗೆ ಇದು ತಲೆಕೆಳಗಾದ ಲೋಕದಂತೆ ತೋರಿತು.

ನಮ್ಮ ಊರು ಬಂಗಾರಪೇಟೆ ತಾಲ್ಲೂಕಿನದು. ನಮ್ಮ ಕೆರೆ ಸರಪಳಿಯ ನಡುವಿನದು. ಮೇಲಿನ ಊರಿನ ಕೆರೆ ಕೋಡಿ ಬಿದ್ದರೆ ನಮ್ಮದಕ್ಕೆ ನೀರು, ನಮ್ಮದು ಕೋಡಿ ಬಿದ್ದರೆ ಕೆಳಗಿನದಕ್ಕೆ, ಕೊನೆಯಲ್ಲಿ ಪಾಲಾರ್‌ಗೆ. ಕೋಡಿಯ ಕಟ್ಟೆಯ ಮೇಲೆ ಮೊಣಕಾಲೆತ್ತರದ ಕಲ್ಲುಗಳನ್ನು ಒಂದೊಂದು ಮೊಳದ ಅಂತರದಲ್ಲಿ ನೆಟ್ಟಿದ್ದಾರೆ. ಮಳೆಗಾಲ ಮುಗಿದು, ಇನ್ನು ದೊಡ್ಡ ಮಳೆ ಬರುವುದಿಲ್ಲವೆಂದು ಖಚಿತವಾದ ಮೇಲೆ ಆ ಕಲ್ಲುಗಳ ನಡುವೆ ಹುಲ್ಲುಹೆಂಟೆ ಮತ್ತು ಜೇಡಿಮಣ್ಣು ಒಟ್ಟಿ, ಕೆರೆಯಲ್ಲಿ ಇನ್ನೂ ಒಂದಡಿ ನೀರು ನಿಲ್ಲಿಸಿಕೊಳ್ಳುತ್ತಿದ್ದರು. ಅದಕ್ಕೆ ಮುಂಚೆ ಒಟ್ಟುವಂತಿರಲಿಲ್ಲ. ಒಟ್ಟಿದರೆ ಏರಿಗೂ ಅಪಾಯ, ಕೆಳಗಿನವರಿಗೂ ಅನ್ಯಾಯ. ಯಾವಾಗ ಒಟ್ಟಬೇಕೆಂದು ತೀರ್ಮಾನಿಸುತ್ತಿದ್ದವನು ನೀರಗಂಟಿ. ಕಣದಲ್ಲಿ ರಾಶಿಯಾದಾಗ ಉಳಿದ ಆಯಗಾರರ ಜೊತೆಗೆ ಅವನಿಗೂ ಆಯ ಸಲ್ಲುತ್ತಿತ್ತು.

ಕೆರೆ ಅರ್ಧವೇ ತುಂಬಿದ ವರ್ಷಗಳಲ್ಲಿ ನಮ್ಮ ಕಡೆ ದಾಮಾಷಾ ಎಂಬ ಪದ್ಧತಿಯಿತ್ತು. ಅಚ್ಚುಕಟ್ಟಿನ ಅಷ್ಟೂ ಗದ್ದೆಗೆ ನೀರು ಸಾಲದೆಂದಾಗ, ತೂಬಿಗೆ ಹತ್ತಿರದ ಗದ್ದೆಗಳನ್ನಷ್ಟೇ ಆ ಬೆಳೆಗೆ ಆರಿಸಿಕೊಂಡು, ಅವು ಯಾರದ್ದೇ ಆಗಿರಲಿ, ಎಲ್ಲ ರೈತರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ತುಂಡು ತುಂಡಾಗಿ ಹಂಚುತ್ತಿದ್ದರು. ಎರಡೆಕರೆಯವನಿಗೆ ಹತ್ತು ಗುಂಟೆ ಸಿಕ್ಕೀತು, ಆದರೆ ಯಾರಿಗೂ ಸೊನ್ನೆ ಇಲ್ಲ. ಕೊಲೊರಾಡೊದಲ್ಲಿ ಬರ ಬಂದರೆ 1860ರ ಹಕ್ಕಿನವನಿಗೆ ಪೂರ್ತಿ ನೀರು, 1960ರ ಹಕ್ಕಿನವನಿಗೆ ಒಣ ಕಾಲುವೆ. ಬರವನ್ನು ಹಂಚಿಕೊಳ್ಳುವ ವಿಷಯದಲ್ಲಿ ನಮ್ಮ ಹಿರಿಯರದೇ ಹೆಚ್ಚು ಮನುಷ್ಯತ್ವದ ದಾರಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಆದರೆ ದಾಮಾಷಾ ನಡೆಯುತ್ತಿದ್ದದ್ದು ಒಂದು ಕೆರೆಯ ಅಚ್ಚುಕಟ್ಟಿನೊಳಗೆ, ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರುವ ಕಡೆ. ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಇಳಿಯುವ ನೀರಿಗೆ ನಮ್ಮಲ್ಲಿ ಇದ್ದದ್ದು ರೂಢಿ ಮಾತ್ರ.

ಆ ರೂಢಿ ಎಷ್ಟು ತೆಳುವಾದದ್ದು ಎಂಬುದು ಕೆಲವು ವರ್ಷಗಳ ಹಿಂದೆ ಗೊತ್ತಾಯಿತು. ಮೇಲಿನ ಊರಿನ ಕೆರೆಯನ್ನು ಅಭಿವೃದ್ಧಿಪಡಿಸುವ ಕಾಮಗಾರಿಯಲ್ಲಿ ಗುತ್ತಿಗೆದಾರರು ಹಳೆಯ ಕೋಡಿಕಲ್ಲುಗಳನ್ನು ಕಿತ್ತು, ಕಟ್ಟೆಯ ಮೇಲೆ ಉದ್ದಕ್ಕೂ ಒಂದೂವರೆ ಅಡಿ ಕಾಂಕ್ರೀಟು ಹಾಕಿ ಏರಿಸಿಬಿಟ್ಟರು. ಮರುವರ್ಷ ಅವರ ಕೆರೆ ಕಣ್ಣು ತುಂಬುವಂತೆ ನಿಂತಿತ್ತು, ನಮ್ಮದಕ್ಕೆ ಒಂದು ಬಿಂದಿಗೆ ನೀರೂ ಇಳಿಯಲಿಲ್ಲ. ಸಂಬಂಧಪಟ್ಟ ಕಚೇರಿಗೆ ನಾವು ಐದಾರು ಮಂದಿ ಅರ್ಜಿ ಹಿಡಿದು ಹೋದೆವು. ಅಲ್ಲಿದ್ದವರು ಸೌಜನ್ಯದಿಂದಲೇ ಮಾತನಾಡಿ, "ಕೋಡಿಯಲ್ಲಿ ವ್ಯರ್ಥವಾಗಿ ಹರಿದುಹೋಗುವ ನೀರನ್ನು ಅವರು ನಿಲ್ಲಿಸಿಕೊಂಡರೆ ತಪ್ಪೇನು ಮೇಷ್ಟ್ರೇ? ಹಳೆಯ ಕೋಡಿಯ ಮಟ್ಟ ಇಷ್ಟೇ ಇತ್ತು ಎನ್ನುವುದಕ್ಕೆ ನಿಮ್ಮಲ್ಲಿ ದಾಖಲೆ ಇದೆಯೇ?" ಎಂದು ಕೇಳಿದರು. ನಮ್ಮಲ್ಲಿ ಇರಲಿಲ್ಲ. ವ್ಯರ್ಥವಾಗಿ ಹರಿದುಹೋಗುವ ಎಂಬ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ, ಏಕೆಂದರೆ ಅವರು ವ್ಯರ್ಥವೆಂದದ್ದು ನಮ್ಮ ಇಡೀ ಕೆರೆಯನ್ನು.

ರಾಜ್ಯ ರಾಜ್ಯಗಳ ನಡುವೆ ಇದೇ ಮಾತು ನೂರಮೂವತ್ತು ವರ್ಷಗಳ ಹಿಂದೆ ಕಾಗದಕ್ಕೆ ಇಳಿದಿತ್ತು ಎಂಬುದು ಇಲ್ಲಿ ನೆನಪಾಗಬೇಕು. 1892ರಲ್ಲಿ ಮದರಾಸು ಸರ್ಕಾರವೂ ಮೈಸೂರು ಸಂಸ್ಥಾನವೂ ಮಾಡಿಕೊಂಡ ಒಪ್ಪಂದದಲ್ಲಿ ಪಾಲಾರ್ ಮತ್ತು ಪೆನ್ನಾರ್ ನದಿಗಳೂ ಸೇರಿವೆ. ಮೈಸೂರಿನವರು ಹಳೆಯ ಕೆರೆಗಳನ್ನು ದುರಸ್ತಿ ಮಾಡಿಕೊಳ್ಳಬಹುದು, ಆದರೆ ಪಟ್ಟಿಯಲ್ಲಿರುವ ನದಿಗಳಿಗೆ ಹೊಸ ಕಟ್ಟೆ ಕಟ್ಟುವ ಮುನ್ನ ಮದರಾಸಿನ ಒಪ್ಪಿಗೆ ಪಡೆಯಬೇಕು ಎಂಬುದು ಅದರ ಸಾರ. ಕೆಳಗಿನವರು ಮೇಲಿನವರ ಮುಂದಿನ ಕೆಲಸಗಳಿಗೆ ಗೆರೆ ಹಾಕಿದ್ದು ಅಲ್ಲಿಯೂ ಹೀಗೆಯೇ. ಕೋಲಾರದವರು ಆ ಒಪ್ಪಂದವನ್ನು ಬೈಯುತ್ತಲೇ ಬೆಳೆದವರು, ನಾನೂ ಬೈದಿದ್ದೇನೆ. ಸ್ವಂತ ಕೆರೆಗೆ ನೀರು ಬರುವುದು ನಿಂತಾಗ ಮಾತ್ರ ಅಂಥದೊಂದು ಕಾಗದ ನಮ್ಮ ಕೈಯಲ್ಲೂ ಇದ್ದಿದ್ದರೆ ಎನ್ನಿಸಿತು.

2018ರ ಜೂನ್‌ನಿಂದ ನಮ್ಮ ಜಿಲ್ಲೆಗೆ ಕೆ.ಸಿ. ವ್ಯಾಲಿಯ ನೀರು ಬರುತ್ತಿದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟು, ಅಲ್ಲಿಂದ ಕೋಡಿ ಕೋಡಿಯಾಗಿ ನೂರಕ್ಕೂ ಹೆಚ್ಚು ಕೆರೆಗಳಿಗೆ ಇಳಿಸುವ ಯೋಜನೆ ಇದು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ನ್ಯಾಯವಾದದ್ದು; ಅದರ ಬಗ್ಗೆ ಬೇರೆಯಾಗಿ ಬರೆಯಬೇಕು. ಇಲ್ಲಿ ಹೇಳಬೇಕಾದದ್ದು ಇಷ್ಟು: ಮಳೆಯನ್ನೇ ನಂಬಿದ ಸರಪಳಿಯಲ್ಲಿ ಹತ್ತು ವರ್ಷಕ್ಕೊಮ್ಮೆ ಕೆಲಸಕ್ಕೆ ಬರುತ್ತಿದ್ದ ಕೋಡಿಯ ಮಟ್ಟ, ವರ್ಷವಿಡೀ ನೀರು ಬರುವ ಸರಪಳಿಯಲ್ಲಿ ದಿನದಿನದ ಪ್ರಶ್ನೆಯಾಗುತ್ತದೆ.

ಹರಿವಿನ ಮೇಲಿನ ಆಟಕ್ಕೆ ನಮ್ಮ ರಾಜ್ಯದಲ್ಲಿ ಯಾವ ಸ್ಥಾನವೂ ಇಲ್ಲವೆಂದಲ್ಲ. ದಾಂಡೇಲಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್ ನಡೆಯುವುದು ಮೇಲಿನ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ. ದೋಣಿಯವರು ಕಾಯಬೇಕು, ಕೇಳುವಂತಿಲ್ಲ. ಕೊಲೊರಾಡೊದಲ್ಲಿಯೂ ಎಲ್ಲವೂ ಕೋರ್ಟಿನಿಂದಲೇ ನಡೆಯುತ್ತದೆಂದು ತಿಳಿಯಬೇಕಾಗಿಲ್ಲ. ಅಲ್ಲಿನ ಅರ್ಕಾನ್ಸಾ ನದಿಯಲ್ಲಿ ಜುಲೈ 1ರಿಂದ ಆಗಸ್ಟ್ 15ರವರೆಗೆ 700 ಕ್ಯೂಸೆಕ್ ಹರಿವು ಇರುವಂತೆ, ಹೇಗಿದ್ದರೂ ಕೆಳಗಿನ ಜಲಾಶಯಕ್ಕೆ ಇಳಿಸಬೇಕಾದ ನೀರನ್ನೇ ಹೊಂದಿಸಿ ಬಿಡುವ ಒಡಂಬಡಿಕೆಯೊಂದು ಮೂರು ದಶಕಗಳಿಂದ ನಡೆದುಕೊಂಡು ಬಂದಿದೆ. ಅದು ಹಕ್ಕಲ್ಲ, ಮಾತುಕತೆ. ನನಗೆ ಗೋಲ್ಡನ್ನಿನ ತೀರ್ಪಿಗಿಂತ ಇದೇ ಹೆಚ್ಚು ಮೆಚ್ಚುಗೆಯಾಯಿತು.

2021 ಎರಡು ಕಡೆಯೂ ಲೆಕ್ಕ ತಪ್ಪಿದ ವರ್ಷ. ಕೊಲೊರಾಡೊ ನದಿಯ ಮೇಲ್ಭಾಗದಲ್ಲಿ ಹಿಮ ವಾಡಿಕೆಗಿಂತ ತುಸು ಕಡಿಮೆಯಿತ್ತಷ್ಟೆ, ಆದರೆ ಆ ನೀರು ಸೇರುವ ಪೊವೆಲ್ ಎಂಬ ಜಲಾಶಯಕ್ಕೆ ಬಂದದ್ದು ಸರಾಸರಿಯ ಮೂರನೆಯ ಒಂದು ಪಾಲಿನ ಆಸುಪಾಸು. ಹಿಂದಿನ ಶರತ್ಕಾಲದಲ್ಲಿ ಮಳೆಯಿಲ್ಲದೆ ಒಣಗಿದ್ದ ನೆಲ ಕರಗಿದ ಹಿಮವನ್ನು ತಾನೇ ಕುಡಿದುಬಿಟ್ಟಿತ್ತು. ಬಿರುಕು ಬಿಟ್ಟ ಕೆರೆಯಂಗಳ ಮುಂಗಾರಿನ ಮೊದಲ ಮಳೆಗಳನ್ನೆಲ್ಲ ನುಂಗುವುದನ್ನು ಕಂಡ ನನಗೆ ಅದನ್ನು ಅಕ್ಕನ ಮಗಳು ವಿವರಿಸಬೇಕಾಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಇಲ್ಲಿ ಹಗಲು ರಾತ್ರಿ ಮಳೆ ಹಿಡಿದು, ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ತುಂಬಿ ಹರಿದವು. ಮೇಲಿನ ಊರಿನವರ ಕಾಂಕ್ರೀಟನ್ನೂ ದಾಟಿ ನೀರು ನಮ್ಮ ಕೆರೆಗೆ ಬಂತು. ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ, ನಮ್ಮ ಹಳೆಯ ನೀರಗಂಟಿಯ ಮೊಮ್ಮಗ ಬಾಗಿಲು ಬಡಿದು, "ಮೇಷ್ಟ್ರೇ, ಕೋಡಿ ಬಿತ್ತು" ಎಂದ. ಟಾರ್ಚ್ ಹಿಡಿದು ಹೋದೆವು. ಬೆಳಕು ಹರಿಯುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಹೆಂಗಸರು ಅರಿಸಿನ ಕುಂಕುಮ ತಂದಿದ್ದರು, ಕೆಲವರು ಸೀರೆಯನ್ನೂ ಸೊಳ್ಳೆಪರದೆಯನ್ನೂ ಅಡ್ಡ ಹಿಡಿದು ಮೀನಿಗೆ ಕಾದಿದ್ದರು, ಕೋಡಿಯ ಕೆಳಗಿನ ಮಡುವಿನಲ್ಲಿ ಹುಡುಗರು ಲಾರಿಯ ಟ್ಯೂಬಿನ ಮೇಲೆ ಕೂತು ಕಿರುಚುತ್ತ ತೇಲುತ್ತಿದ್ದರು. ಹೆಲ್ಮೆಟ್ ಒಂದು ಬಿಟ್ಟರೆ ಗೋಲ್ಡನ್ನಿನದೇ ನೋಟ.

ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ನೀರಗಂಟಿಯ ಮೊಮ್ಮಗನೂ ನಾನೂ ಅಳತೆಪಟ್ಟಿ ಹಿಡಿದು ಕೋಡಿ ಅಳೆದೆವು. ಉದ್ದ 40 ಅಡಿ, ಕಟ್ಟೆಯ ಮೇಲೆ ನೀರು ಒಂಬತ್ತು ಅಂಗುಲ. ಫೋಟೋ ನೋಡಿದ ಅಕ್ಕನ ಮಗಳು, "ಎಷ್ಟು ಕ್ಯೂಸೆಕ್, ಮಾವ?" ಎಂದು ಕೇಳಿದಳು. ನಿವೃತ್ತ ಎಂಜಿನಿಯರ್ ಗೆಳೆಯರೊಬ್ಬರು ಸೂತ್ರ ಹಾಕಿ, ಸುಮಾರು 80 ಎಂದರು. ನೀರಗಂಟಿಯ ಮೊಮ್ಮಗ ಅಂಚಿನ ಕೋಡಿಕಲ್ಲಿಗೆ ಎನಾಮೆಲ್ ಬಣ್ಣದಿಂದ ಅಂಗುಲ ಅಂಗುಲಕ್ಕೂ ಗೀಟು ಎಳೆದ. ಕಟ್ಟೆಯ ಮೇಲ್ಮಟ್ಟಕ್ಕೆ ಕೆಂಪು, ಉಳಿದವಕ್ಕೆ ಬಿಳಿ. ಅಂದಿನಿಂದ ಅವನು ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೋಗುವಾಗ ಗೀಟು ನೋಡಿ ಬಂದು ಹೇಳುತ್ತಿದ್ದ, ನಾನು ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದೆ. ಐದನೆಯ ದಿನ ನಾಲ್ಕು ಅಂಗುಲ, ಅಂದರೆ ಇಪ್ಪತ್ತನಾಲ್ಕು ಕ್ಯೂಸೆಕ್. ಹನ್ನೆರಡನೆಯ ದಿನ ಕಲ್ಲು ಒದ್ದೆಯಾಗಿತ್ತು, ಹರಿವು ಇರಲಿಲ್ಲ. ಆ ಪುಟದ ಒಂದು ಪ್ರತಿಯನ್ನು ಕೆಳಗಿನ ಊರಿನ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಅದನ್ನು ಮಡಚಿ, ಪಹಣಿ ಪತ್ರಗಳನ್ನು ಇಟ್ಟಿದ್ದ ಚೀಲದೊಳಗೆ ಇಟ್ಟುಕೊಂಡರು.